ಚುಕ್ಕಾಣಿ ಬಿಡದ ಜ್ವರ

ಬದುಕಿದ್ದೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಈ ಕಥೆಯನ್ನು ಎದುರಿಗೆ ಕೂತು ಕೇಳುವವರೂ ನಡುವೆ ಒಂದು ಸಲ ನನ್ನ ಕಾಲು ನೆಲಕ್ಕೆ ತಾಗಿದೆಯೋ ಇಲ್ಲವೋ ಎಂದು ಬಗ್ಗಿ ನೋಡುತ್ತಾರೆ. ತಾಗಿದೆ. ಹೊಟ್ಟೆ ತುಂಬ ಉಣ್ಣುತ್ತೇನೆ, ಸಾಗರದ ಪೇಟೆಗೆ ನಡೆದುಕೊಂಡೇ ಹೋಗಿ ಬರುತ್ತೇನೆ, ಸಂಜೆ ಹೆಂಡತಿಯ ಹತ್ತಿರ ಬೈಸಿಕೊಳ್ಳುತ್ತೇನೆ. ಬರೆಯುವಾಗ ಬಲಗೈ ಸ್ವಲ್ಪ ನಡುಗುತ್ತದೆ, ಅಷ್ಟೆ. ಈ ಅಕ್ಷರಗಳು ಓರೆಕೋರೆ ಇದ್ದರೆ ಅದಕ್ಕೆ ಕಾರಣ ಮಂಗನ ಕಾಯಿಲೆ.

ಇದನ್ನು ಬರೆಯಿರಿ ಎಂದು ಬೆನ್ನು ಹತ್ತಿದವಳು ಮಗಳು ಶೋಭಾ. ಅವಳು ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ. ಚಳಿಗಾಲ ಮುಗಿಯುತ್ತ ಬಂದ ಹಾಗೆ ಮನೆಮನೆಗೆ ಹೋಗಿ, ಕಾಡಿಗೆ ಹೋಗುವವರಿಗೆ ಮಂಗನ ಕಾಯಿಲೆ ಹರಡುವ ಉಣುಗು ಎಂಬ ರಕ್ತ ಹೀರುವ ಹುಳ ಕಚ್ಚದಂತೆ ಮೈಗೆ ಹಚ್ಚಿಕೊಳ್ಳುವ ಎಣ್ಣೆ ಕೊಟ್ಟು ಬರುವುದು ಅವಳ ಕೆಲಸ. "ಅಪ್ಪ, ಜ್ವರ ಬಂದೋರಿಗಿಂತ ಅವರ ಮನೆಯೋರೇ ಹೆಚ್ಚು ಹೆದರ್ತಾರೆ. ನಿಮ್ಮದನ್ನ ಬರ್ದುಕೊಡಿ, ನಾನು ಅವರಿಗೆ ಓದಿ ಹೇಳ್ತೀನಿ" ಅಂದಳು. ಊರಿಗೆಲ್ಲ ಎಣ್ಣೆ ಹಂಚುವವಳ ಅಪ್ಪನಿಗೇ ಮಂಗನ ಕಾಯಿಲೆ ಬಂದದ್ದನ್ನೂ ಓದಿ ಹೇಳುತ್ತೀಯಾ ಎಂದು ಕೇಳಿದೆ. "ಅದನ್ನೇ ಮೊದಲು ಹೇಳೋದು" ಅಂದಳು.

ನಾನು ಚೌಡಪ್ಪ. ಮೀಸೆ ಸರಿಯಾಗಿ ಮೂಡುವ ಮೊದಲೇ ನೌಕಾಪಡೆ ಸೇರಿದವನು. ಎಪ್ಪತ್ತೊಂದರ ಯುದ್ಧದಲ್ಲಿ ಶತ್ರುವಿನ ಬಂದರಿನ ಹತ್ತಿರದವರೆಗೆ ಹೋಗಿ ಕ್ಷಿಪಣಿ ಹೊಡೆದು ಬಂದ ಪುಟ್ಟ ಬೋಟುಗಳಲ್ಲಿ ಒಂದರ ಚುಕ್ಕಾಣಿ ನನ್ನ ಕೈಲಿತ್ತು. ನೌಕಾಪಡೆಯಿಂದ ಬಿಡುಗಡೆಯಾಗಿ ಬಂದ ಮೇಲೆ ಶರಾವತಿ ಹಿನ್ನೀರಿನಲ್ಲಿ ಲಾಂಚ್ ನಡೆಸಿದೆ. ಜನ, ಬೈಕು, ಬಸ್ಸು, ದೇವಸ್ಥಾನಕ್ಕೆ ಹೋಗುವ ಮದುಮಕ್ಕಳು, ಎಲ್ಲರನ್ನೂ ಈ ದಡದಿಂದ ಆ ದಡಕ್ಕೆ ಮುಟ್ಟಿಸಿದೆ. ಸಮುದ್ರದಲ್ಲಾಗಲಿ ಹಿನ್ನೀರಿನಲ್ಲಾಗಲಿ ನನಗೆ ಏನೂ ಆಗಲಿಲ್ಲ. ಆದದ್ದು ಒಣ ನೆಲದ ಮೇಲೆ, ಒಣ ಎಲೆಯ ನಡುವೆ.

ಸಂಕ್ರಾಂತಿ ಕಳೆದು ಶೋಭಾಳ ಮನೆಗೆ ಹೋಗಿದ್ದೆ. ಅವರ ಕೊಟ್ಟಿಗೆಗೆ ಹಾಸಲು ದರಗು ಬೇಕಿತ್ತು. ಕಾಡಿನಲ್ಲಿ ಉದುರಿದ ಒಣ ಎಲೆಗೆ ನಮ್ಮಲ್ಲಿ ದರಗು ಅನ್ನುತ್ತಾರೆ. ಸುಮ್ಮನೆ ಕೂತು ಅಭ್ಯಾಸವಿಲ್ಲದ ನಾನು ಬುಟ್ಟಿ ಎತ್ತಿಕೊಂಡು ಹೊರಟೆ. ಮಗಳು ಬಾಗಿಲಲ್ಲೇ ನಿಲ್ಲಿಸಿ, ಕೈಗೆ ಕಾಲಿಗೆ ಕುತ್ತಿಗೆಗೆ ಎಣ್ಣೆ ಹಚ್ಚಿಸಿ ಕಳಿಸಿದಳು. ಮೊದಲ ಬುಟ್ಟಿ ತಂದು ಹಾಕಿದೆ. ಸೆಖೆಗೆ ಹಳ್ಳದಲ್ಲಿ ಕೈಕಾಲು ಮುಖ ತೊಳೆದು ಹಾಯಾಗಿ ಎರಡನೇ ಬುಟ್ಟಿಗೆ ಹೋದೆ. ತೊಳೆದದ್ದು ಬೆವರಷ್ಟೇ ಅಲ್ಲ, ಎಣ್ಣೆಯನ್ನೂ ಕೂಡ ಎಂದು ತಲೆಗೆ ಹೊಳೆಯಲೇ ಇಲ್ಲ. ಉಣುಗು ಕಚ್ಚಿದ್ದು ಎಲ್ಲಿ, ಯಾವಾಗ, ಒಂದೂ ಗೊತ್ತಾಗಲಿಲ್ಲ.

ಸಾಗರಕ್ಕೆ ವಾಪಸು ಬಂದ ಮೇಲೆ ಒಂದು ಮಧ್ಯಾಹ್ನ ಕಣ್ಣಿನ ಹಿಂದೆ ನೋವು ಶುರುವಾಯಿತು. ಸಂಜೆಗೆ ತೊಡೆ, ಸೊಂಟ, ಬೆನ್ನು ಎಲ್ಲ ಒನಕೆಯಲ್ಲಿ ಕುಟ್ಟಿದ ಹಾಗೆ. ಕನ್ನಡಿ ನೋಡಿದರೆ ಕಣ್ಣು ಕೆಂಡ. ನನ್ನ ಹೆಂಡತಿ ಸರೋಜ ಹಣೆ ಮುಟ್ಟಿ ನೋಡಿ ಒಂದು ಮಾತೂ ಆಡದೆ ಬ್ಯಾಗಿಗೆ ಬಟ್ಟೆ ತುಂಬಿಸತೊಡಗಿದಳು. ಅವಳು ಬೈದರೆ ಭಯವಿಲ್ಲ, ಸುಮ್ಮನಾದರೆ ಭಯ. ಆಟೋ ಬಂದು ನಿಂತಾಗ ಮಾತ್ರ ಕೇಳಿದಳು, "ಕಾಡಿಗೆ ಹೋಗಿದ್ರಾ?"

"ಸ್ವಲ್ಪ."

"ಸ್ವಲ್ಪ ಕಾಡಿಗೆ ಹೋಗದು ಹೆಂಗೆ ಅಂತ ಆಮೇಲೆ ಹೇಳಿ. ಈಗ ಹತ್ತಿ."

ಆಸ್ಪತ್ರೆಯಲ್ಲಿ ರಕ್ತ ತೆಗೆದು ಪರೀಕ್ಷೆಗೆ ಶಿವಮೊಗ್ಗಕ್ಕೆ ಕಳಿಸಿದರು. ಉತ್ತರ ಬರುವ ತನಕ ಕಾಯುವುದೇ ಕೆಲಸ. ಕಾಯುವುದರಲ್ಲಿ ಒಂದು ವಿಚಿತ್ರ ಇದೆ ನೋಡಿ, ರೋಗಿಗೆ ಅಷ್ಟು ಕಷ್ಟವಿಲ್ಲ, ಅವನಿಗೆ ನೋವು ನೋಡಿಕೊಳ್ಳುವ ಕೆಲಸ ಇರುತ್ತದೆ. ಹೊರಗೆ ಬೆಂಚಿನ ಮೇಲೆ ಕೂತವರ ಪಾಡು ಬೇಡ. ಸರೋಜ ಆ ಬೆಂಚಿನಲ್ಲಿ ಕೂತು ಮೂರು ತಾಲ್ಲೂಕಿನ ಸುದ್ದಿ ಕೇಳಿದಳು. ಎಲ್ಲಿ ಮಂಗ ಸತ್ತಿದೆ, ಯಾರಿಗೆ ಜ್ವರ ಬಿಟ್ಟಿದೆ, ಯಾರಿಗೆ ಬಿಡಲಿಲ್ಲ. ಬಿಡಲಿಲ್ಲ ಅನ್ನುವ ಮಾತು ಬಂದಾಗ ಎದ್ದು ಬಂದು ನನ್ನ ಪಾದ ಮುಟ್ಟಿ ನೋಡಿ ಹೋಗುತ್ತಿದ್ದಳಂತೆ, ಬೆಚ್ಚಗಿದೆಯೋ ತಣ್ಣಗಿದೆಯೋ ಎಂದು. ನಾನು ಕಚಗುಳಿ ಅಂದುಕೊಂಡು ಕಾಲು ಎಳೆದುಕೊಳ್ಳುತ್ತಿದ್ದೆ.

ಪಾಸಿಟಿವ್ ಎಂದು ಬಂತು. ಡಾಕ್ಟರು ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ ಸರೋಜಳಿಗೆ ಹೇಳಿದರು. ಅವಳು ಕೇಳಿಸಿಕೊಂಡು ನನ್ನ ಕಡೆ ತಿರುಗಿ, "ಮಂಗನ ಕಾಯಿಲೆ ನಿಮಗೆ ಬರ್ದೆ ಇನ್ಯಾರಿಗೆ ಬರ್ತದೆ" ಅಂದಳು. ಇಡೀ ವಾರ್ಡು ನಕ್ಕಿತು. ನಕ್ಕಾಗ ನನ್ನ ವಸಡಿನಿಂದ ರಕ್ತ ಬಂತು, ಅವಳ ನಗು ಅಲ್ಲೇ ನಿಂತಿತು.

ಆದರೆ ಜ್ವರ ಇಳಿಯಿತು. ಒಂದು ಬೆಳಗ್ಗೆ ಎದ್ದರೆ ಮೈ ಹಗುರ, ಬಾಯಿಗೆ ರುಚಿ, ಕಿಟಕಿಯ ಆಚೆಗಿನ ಬಸ್ಸಿನ ಹಾರನ್ ಕೂಡ ಸಂಗೀತ. ನನಗಾದ ಖುಷಿಯನ್ನು ಹೇಗೆ ಹೇಳಲಿ, ಗಂಜಿಗೆ ಉಪ್ಪಿನಕಾಯಿ ಕೇಳಿ, ಪಕ್ಕದ ಮಂಚದವನ ಉಪ್ಪಿನಕಾಯಿಯನ್ನೂ ತಿಂದೆ. ಮನೆಗೆ ಕಳಿಸುವಾಗ ಡಾಕ್ಟರು ಹೇಳಿದರು, "ಯಜಮಾನ್ರೆ, ಇದು ಕೆಲವರಿಗೆ ಹೋದ ಹಾಗೆ ಮಾಡಿ ತಿರುಗಿ ಬರುತ್ತೆ. ಎರಡನೇ ಸಲ ಬಂದ್ರೆ ತಲೆಗೇ ಏರುತ್ತೆ. ಮನೆಯಲ್ಲಿ ಸುಮ್ಮನೆ ಮಲಗಿರಿ." ಹೂಂ ಅಂದೆ. ಸುಮ್ಮನೆ ಮಲಗಿದೆ ಕೂಡ, ಎರಡು ದಿನವೋ ಮೂರು ದಿನವೋ. ಆಮೇಲೆ ಹಗ್ಗ ಬಿಚ್ಚಿದ ಕರುವಿನ ಹಾಗೆ ಬಸ್ಸು ಹತ್ತಿ ತೀರ್ಥಹಳ್ಳಿಗೆ ಹೋದೆ, ಲಾರೆನ್ಸನನ್ನು ನೋಡಲು.

ಲಾರೆನ್ಸ್ ನೌಕಾಪಡೆಯಲ್ಲಿ ನನ್ನ ಬೋಟಿನವನು. ಆ ಬೋಟಿನಲ್ಲಿ ನಮ್ಮ ಜಿಲ್ಲೆಯವರು ಎಂದರೆ ನಾವಿಬ್ಬರೇ, ಕನ್ನಡದಲ್ಲಿ ಜಗಳ ಆಡಲು ಒಬ್ಬರಿಗೊಬ್ಬರು. ಅವನೂ ಚುಕ್ಕಾಣಿ ಹಿಡಿಯುವವನೇ, ನನ್ನ ಪಾಳಿ ಮುಗಿದರೆ ಅವನ ಪಾಳಿ. ಈಗ ಅವನಿಗೆ ಒಂದು ಕಿವಿ ಪೂರಾ ಮಂದ, ಇನ್ನೊಂದು ಅರ್ಧ. ಸೊಂಟದ ಆಪರೇಷನ್ ಆದ ಮೇಲೆ ಮನೆ ಬಿಟ್ಟು ದೂರ ಹೋಗುವುದಿಲ್ಲ. ಕಿವಿ ಕೇಳದ್ದಕ್ಕೆ ದೊಡ್ಡದಾಗಿ ಮಾತಾಡುತ್ತಾನೆ, ಅವನ ಮನೆಯಲ್ಲಿ ಇವತ್ತು ಏನು ಅಡುಗೆ ಎಂದು ತುಂಗಾ ನದಿಯ ಆಚೆ ದಡದವರಿಗೂ ಗೊತ್ತಿರುತ್ತದೆ.

ಮೀನು ಸಾರು, ಕುಸುಬಲಕ್ಕಿ ಅನ್ನ. ಕೈ ತೊಳೆಯುವ ಮೊದಲೇ ಮಾತು ಬೋಟಿಗೆ ಹತ್ತಿತು. ಎಷ್ಟು ಸಲ ಹೇಳಿಕೊಂಡಿದ್ದೇವೋ, ಪ್ರತಿ ಸಲವೂ ಮೈ ಬಿಸಿಯಾಗುತ್ತದೆ. ದೊಡ್ಡ ಹಡಗು ನಮ್ಮನ್ನು ಹಗ್ಗ ಕಟ್ಟಿ ಎಳೆದುಕೊಂಡು ಹೋದದ್ದು, ಅಲ್ಲಿಂದ ಮುಂದೆ ನಮ್ಮ ಪಾಡಿಗೆ ನಾವು ಹೊರಟದ್ದು. ದೀಪ ಇಲ್ಲ, ರೇಡಿಯೋದಲ್ಲಿ ಮಾತಿಲ್ಲ, ಕೆಮ್ಮು ಬಂದರೂ ನುಂಗಿಕೊಳ್ಳಬೇಕು ಅನ್ನಿಸುವಷ್ಟು ಮೌನ. ಕ್ಷಿಪಣಿ ಹೊರಟಾಗ ಇಡೀ ಬೋಟು ಕುಕ್ಕರಿಸಿ ಕೂತಂತಾಗಿ ಎದ್ದಿತು. ಬೆಳಕು ಎಷ್ಟೆಂದರೆ ನನ್ನ ಬೆರಳಿನ ಎಲುಬು ಕಾಣುತ್ತದೆ ಅನ್ನಿಸಿತು. ಸ್ವಲ್ಪ ಹೊತ್ತಿಗೆ ದೂರದ ದಡ ಕೆಂಪಾಯಿತು. ನಾವು ಕುಣಿದೆವು, ಹುಡುಗರಲ್ಲವೇ. ಆ ಕೆಂಪಿನ ಕೆಳಗೆ ನಮ್ಮಂಥದೇ ಹುಡುಗರು ಇದ್ದರು ಎಂದು ಹೊಟ್ಟೆಗೆ ಇಳಿದದ್ದು ಊರಿಗೆ ರಜೆಯ ಮೇಲೆ ಬಂದಾಗ.

"ಹೊಡ್ದದ್ದು ಬಿಡು ಮಾರಾಯ, ವಾಪಸು ಬಂದದ್ದು ದೊಡ್ಡದು" ಅಂದ ಲಾರೆನ್ಸ್. ಅದು ನಿಜ. ತಿರುಗಿ ಬರುವಾಗ ಬೋಟು ಅಲೆಯ ಮೇಲೆ ಕಲ್ಲು ಹಾರಿದ ಹಾಗೆ ಹಾರುತ್ತಿತ್ತು, ಹಿಂದೆ ಯಾರು ಬೆನ್ನು ಹತ್ತಿದ್ದಾರೋ ಗೊತ್ತಿಲ್ಲ. ನನ್ನ ಪಾಳಿ ಮುಗಿಯುವ ಹೊತ್ತಿಗೆ ಲಾರೆನ್ಸ್ ಮೇಲೆ ಬರಬೇಕಿತ್ತು. ಏಣಿ ಹತ್ತುವಾಗ ಬೋಟು ಎಗರಿ ಅವನು ಕೆಳಗೆ ಬಿದ್ದ, ಭುಜ ಕಳಚಿಕೊಂಡಿತು. ಅವನು ಬರಲಿಲ್ಲ. ಆ ಹೊತ್ತಿನಲ್ಲಿ ಬೇರೆ ಯಾರನ್ನೂ ಅವರವರ ಜಾಗ ಬಿಡಿಸಿ ಕರೆಯುವ ಹಾಗಿರಲಿಲ್ಲ. ಬಂದರು ಸೇರುವ ತನಕ ನಾನೇ ನಿಂತೆ.

ಚುಕ್ಕಾಣಿಯದು ಒಂದು ನಿಯಮ ಇದೆ, ಇಲ್ಲಿ ಹೇಳಬೇಕು. ಪಾಳಿ ಮುಗಿಯಿತು ಎಂದು ಕೈ ಬಿಟ್ಟು ಹೋಗುವ ಹಾಗಿಲ್ಲ. ಬಿಡುವವನು ಬೋಟಿನ ದಿಕ್ಕು ಎಷ್ಟು ಡಿಗ್ರಿ ಎಂದು ಬಾಯಿಬಿಟ್ಟು ಹೇಳಬೇಕು. ಹಿಡಿಯುವವನು ಅದನ್ನೇ ತಿರುಗಿ ಹೇಳಬೇಕು, ಹೇಳಿ ಚಕ್ರ ನನ್ನ ಕೈಲಿದೆ ಅನ್ನಬೇಕು. ಅದು ಕಿವಿಗೆ ಬಿದ್ದ ಮೇಲೆಯೇ ಬೆರಳು ಸಡಿಲಿಸುವುದು. ಇದನ್ನು ನಮ್ಮ ಕೈಗೆ ಹೇಗೆ ಕಲಿಸಿದ್ದರೆಂದರೆ, ಲಾಂಚ್ ನಡೆಸುವಾಗಲೂ ನಾನು ಊಟಕ್ಕೆ ಹೋಗುವ ಮೊದಲು ಜೊತೆಯವನ ಬಾಯಿಂದ ತಿರುಗಿ ಹೇಳಿಸಿಯೇ ಬಿಡುತ್ತಿದ್ದೆ. ಅವರೆಲ್ಲ ನನ್ನನ್ನು ಹುಚ್ಚ ಅಂದುಕೊಂಡಿದ್ದರು.

"ಅವತ್ತು ನಾನು ಮೇಲೆ ಬರ್ಲಿಲ್ಲ" ಅಂದ ಲಾರೆನ್ಸ್, ತನ್ನ ಭುಜ ಮುಟ್ಟಿಕೊಂಡು. ಪ್ರತಿ ಸಲ ಊಟವಾದ ಮೇಲೆ ಇದನ್ನು ಹೇಳುತ್ತಾನೆ.

"ಭುಜ ಕೈಲಿ ಹಿಡ್ಕಂಡು ಬರ್ತಿದ್ಯಾ? ಬಿಡು ಮಾರಾಯ" ಅಂದೆ. ನಾನೂ ಪ್ರತಿ ಸಲ ಇದನ್ನೇ ಹೇಳುತ್ತೇನೆ.

ವಾಪಸು ಬರುವ ಬಸ್ಸಿನಲ್ಲಿ ತಲೆನೋವು ಶುರುವಾಯಿತು. ಮೀನು ಜಾಸ್ತಿ ತಿಂದೆ ಅಂದುಕೊಂಡೆ. ಮಾರನೇ ದಿನ ಬೆಳಗ್ಗೆ ಅಂಗಿಯ ಗುಂಡಿ ಹಾಕಲು ಹೋದರೆ ಬೆರಳು ಗುಂಡಿಯ ಸುತ್ತ ಕುಣಿಯುತ್ತಿವೆ, ಒಳಗೆ ಹೋಗುತ್ತಿಲ್ಲ. ಸರೋಜ ಬಂದು ಹಾಕಿದಳು. ಹಾಕುತ್ತ ಮುಖ ನೋಡಿದಳು. "ಇವತ್ತು ಯಾವ ವಾರ, ಹೇಳಿ" ಅಂದಳು. ನನಗೆ ಉತ್ತರ ಗೊತ್ತಿತ್ತು, ಬಾಯಿಗೆ ಬರಲಿಲ್ಲ. ಅದರಷ್ಟು ಹೆದರಿಕೆ ನನಗೆ ಜೀವನದಲ್ಲಿ ಆಗಿಲ್ಲ, ಸಮುದ್ರದಲ್ಲೂ ಆಗಿಲ್ಲ. ಗೊತ್ತಿರುವ ಮಾತು ನಾಲಿಗೆಯ ತುದಿಯವರೆಗೂ ಬಾರದೆ ಎಲ್ಲೋ ಒಳಗೆ ನಿಂತುಬಿಡುವುದು.

ಸಾಗರದಿಂದ ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಆಂಬುಲೆನ್ಸು ಹೊಸನಗರ ದಾಟುವಾಗ ಶೋಭಾ ರಸ್ತೆಯಲ್ಲಿ ಕಾದು ನಿಂತು ಹತ್ತಿಕೊಂಡಳು. ಹುಲಿಕಲ್ ಘಾಟಿಯ ತಿರುವುಗಳು, ಕಿಟಕಿಯಲ್ಲಿ ಮರಗಳು ಒಂದು ಸಲ ಎಡಕ್ಕೆ ಒಂದು ಸಲ ಬಲಕ್ಕೆ ವಾಲುವುದು, ಇಷ್ಟು ನೆನಪಿದೆ. ಇಲ್ಲಿಂದ ಮುಂದಿನದನ್ನು ನಾನು ಕಂಡಿಲ್ಲ. ಸರೋಜ, ಶೋಭಾ, ಅಲ್ಲಿನ ನರ್ಸ್, ಡಾಕ್ಟರಮ್ಮ ಹೇಳಿದ್ದನ್ನು ಜೋಡಿಸಿ ಬರೆಯುತ್ತಿದ್ದೇನೆ. ನನ್ನದೇ ಕಥೆಯನ್ನು ಬೇರೆಯವರ ಬಾಯಲ್ಲಿ ಕೇಳುವ ಮಜಾ ಬೇರೆ, ಬೇಡ ಬೇಡ ಅಂದರೂ ಮತ್ತೆ ಮತ್ತೆ ಹೇಳಿಸಿಕೊಂಡಿದ್ದೇನೆ.

ಐಸಿಯುವಿನ ಮಂಚದ ಎರಡು ಪಕ್ಕ ಕಬ್ಬಿಣದ ಕಂಬಿ ಇರುತ್ತದಲ್ಲ, ಎದ್ದು ಕೂತು ಅದನ್ನು ಎರಡು ಕೈಯಲ್ಲೂ ಹಿಡಿದೆನಂತೆ. ಹಿಡಿದವನು ಬಿಡಲಿಲ್ಲ. ಮಲಗಿಸಿದರೆ ಮತ್ತೆ ಏಳುವುದು, ಕಣ್ಣು ನೆಟ್ಟಗೆ ಮುಂದಕ್ಕೆ, ಕಾಲು ಅಗಲಿಸಿ ಒತ್ತಿ. ಹಾಗೆ ಏಳುವಾಗ ಕೈಯ ಡ್ರಿಪ್ ಕಿತ್ತುಬಂತು. ರಕ್ತ ಹೆಪ್ಪುಗಟ್ಟುವ ಶಕ್ತಿಯೇ ಕಡಿಮೆಯಾಗಿತ್ತು, ಮೂಗಿನಿಂದ ಸೋರುತ್ತಿತ್ತು, ಸೂಜಿಯ ತೂತು ಕೂಡ ನಿಲ್ಲದೆ ಜಿನುಗುತ್ತಿತ್ತು. ಹಾಕುವುದು, ನಾನು ಕೀಳುವುದು, ಅವರು ಒತ್ತಿ ಹಿಡಿಯುವುದು.

"ಕೈ ಬಿಡಿ ಅಜ್ಜ, ಎಂತ ಮಾರಾಯ್ರೆ ನೀವು, ಮಂಚ ಎಲ್ಲಿಗೂ ಓಡುದಿಲ್ಲ" ಎಂದು ನರ್ಸ್ ಬೆರಳು ಒಂದೊಂದೇ ಬಿಡಿಸಿದರೆ ಇನ್ನೊಂದು ಕಡೆಯ ಬೆರಳು ಮತ್ತೆ ಬಿಗಿ. ಬಾಯಲ್ಲಿ ಮಾತ್ರ ಒಂದೇ ಮಾತು, ಒನ್ ಫೈವ್ ಜೀರೋ, ಒನ್ ಫೈವ್ ಜೀರೋ. ಆ ಹುಡುಗಿ ಪಾಪ, ಬಿಪಿ ಹೇಳುತ್ತಿದ್ದೇನೆ ಅಂದುಕೊಂಡು ಪಟ್ಟಿ ಕಟ್ಟಿ ನೋಡಿ, "ಇಲ್ಲ ಅಜ್ಜ, ಅಷ್ಟು ಇಲ್ಲ, ಕಮ್ಮಿ ಉಂಟು" ಅಂದಳಂತೆ. ನಾನು ಅವಳ ಮುಖ ಸಹ ನೋಡದೆ ಮತ್ತೆ ಒನ್ ಫೈವ್ ಜೀರೋ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಸರೋಜಳನ್ನೂ ಶೋಭಾಳನ್ನೂ ಹೊರಗೆ ಕರೆದು ಮುಚ್ಚುಮರೆ ಇಲ್ಲದೆ ಹೇಳಿದರು. ಮಲಗಿದರೆ ಉಳಿಯುವ ದಾರಿ ಇದೆ. ಹೀಗೇ ಒದ್ದಾಡಿದರೆ ಒಳಗೆ ಎಲ್ಲಾದರೂ, ಮಿದುಳಿನಲ್ಲೂ, ರಕ್ತನಾಳ ಒಡೆಯಬಹುದು. ಬಲವಾದ ಔಷಧಿ ಕೊಟ್ಟು ಪೂರಾ ನಿದ್ದೆ ಮಾಡಿಸಬಹುದು, ಆಗ ಉಸಿರಾಟಕ್ಕೆ ಗಂಟಲಿಗೆ ಕೊಳವೆ ಹಾಕಬೇಕು, ಈ ವಯಸ್ಸಿಗೆ ಆ ಕೊಳವೆಯಿಂದ ಹೊರಗೆ ಬರುವುದು ಖಾತ್ರಿ ಇಲ್ಲ. "ಮಧ್ಯಾಹ್ನದ ತನಕ ನೋಡ್ತೇನೆ. ಮತ್ತೆ ತೀರ್ಮಾನ ಮಾಡ್ಬೇಕಾಗ್ತದೆ" ಅಂದರು. ಶೋಭಾ ಗೋಡೆಗೆ ಒರಗಿ ಅತ್ತಳು. ಎಣ್ಣೆಯ ಬಾಟಲಿ ಹಿಡಿದು ಊರೆಲ್ಲ ಸುತ್ತಿದವಳಿಗೆ ತನ್ನ ಮನೆಯ ಹಿತ್ತಲಿನಿಂದಲೇ ಅಪ್ಪ ಹೊರಟುಹೋಗುತ್ತಾನೆ ಅನ್ನಿಸಿತಂತೆ. ಸರೋಜ ಅಳಲಿಲ್ಲ. ಒಳಗೆ ಬಂದು ನನ್ನ ಪಕ್ಕದ ಕಂಬಿಯನ್ನು ತಾನೂ ಹಿಡಿದು ನಿಂತಳು.

ಡಾಕ್ಟರಮ್ಮ ಇನ್ನೊಂದು ಸಲ ಬಂದರು. ನನ್ನ ಕೈಯನ್ನು ಬಹಳ ಹೊತ್ತು ನೋಡಿದರಂತೆ. ಆಮೇಲೆ ಕೇಳಿದರು, "ಅಮ್ಮ, ಇವರು ಎಂತ ಕೆಲಸ ಮಾಡ್ತಿದ್ದದ್ದು?"

"ಲಾಂಚ್ ನಡೆಸ್ತಿದ್ರು."

"ಲಾಂಚಲ್ಲಿ ಈ ಒನ್ ಫೈವ್ ಜೀರೋ ಅಂದ್ರೆ ಎಂತದು?"

"ಲಾಂಚಲ್ಲಿ ಅದೆಲ್ಲ ಇಲ್ಲ. ಆಚೆ ದಡ ಕಣ್ಣಿಗೇ ಕಾಣ್ತದೆ" ಅಂದಳು ಸರೋಜ. ಅಂದವಳು ಅಗಲಿಸಿ ಒತ್ತಿದ ನನ್ನ ಕಾಲನ್ನು ನೋಡಿದಳಂತೆ. "ಅದು ಲಾಂಚಿಂದಲ್ಲ. ಅದಕ್ಕಿಂತ ಮುಂಚಿಂದು. ಕೇಳ್ಬೇಕು ಅಂದ್ರೆ ಒಬ್ರೇ ಇರದು."

ಸರೋಜಳಿಗೆ ಲಾರೆನ್ಸನ ಗಲಾಟೆ ಎಂದರೆ ಅಷ್ಟಕ್ಕಷ್ಟೆ. ಅವನು ಫೋನ್ ಮಾಡಿದರೆ ಫೋನನ್ನು ಕಿವಿಯಿಂದ ಒಂದು ಮೊಳ ದೂರ ಹಿಡಿದು ನನಗೆ ಕೊಡುವವಳು. ಅವತ್ತು ತಾನೇ ಮಾಡಿದಳು. ಕಿವಿ ಕೇಳದವನಿಗೆ ಐಸಿಯುವಿನ ಬಾಗಿಲಲ್ಲಿ ನಿಂತು ಪಿಸುಮಾತಿನಲ್ಲಿ ಹೇಳುವುದು ಹೇಗೆ, ಶೋಭಾ ವೀಡಿಯೋ ಕಾಲ್ ಹಚ್ಚಿ ಕೊಟ್ಟಳು. ಕಂಬಿ ಹಿಡಿದು ಕೂತ ನನ್ನನ್ನು ತೋರಿಸಿದಳು. ಸದಾ ಕೂಗುವ ಲಾರೆನ್ಸ್ ಆ ಚಿತ್ರ ನೋಡಿ ತೆಪ್ಪಗಾದ. ಎಷ್ಟು ತೆಪ್ಪಗೆ ಎಂದರೆ ಲೈನ್ ಕಟ್ ಆಯಿತು ಅಂದುಕೊಂಡರಂತೆ.

"ಅವ ಬಿಡುದಿಲ್ಲ ಅತ್ತಿಗೆ" ಅಂದ ಕೊನೆಗೆ. "ನಾನು ಮೇಲೆ ಹೋಗುವ ತನಕ ಅವ ಬಿಡುದಿಲ್ಲ. ಫೋನ್ ಅವನ ಮುಖದ ಎದುರಿಗೆ ಹಿಡೀರಿ."

ಫೋನ್ ಒಳಗೆ ತರುವ ಹಾಗಿಲ್ಲ ಎಂದು ನರ್ಸ್ ಬಾಯಿ ತೆರೆದಳು. ಡಾಕ್ಟರಮ್ಮ ಕೈ ಸನ್ನೆಯಲ್ಲೇ ತಡೆದರು.

ಆಗ ಲಾರೆನ್ಸ್ ಕೂಗಿದ. ಆ ಐಸಿಯುವಿನಲ್ಲಿ ಇದ್ದಬದ್ದ ರೋಗಿಗಳೆಲ್ಲ ಎಚ್ಚರಾಗುವ ಹಾಗೆ ಕೂಗಿದ, ಎಂಜಿನ್ನಿನ ಸದ್ದಿನ ಮೇಲೆ ಮಾತಾಡುವಾಗ ಕೂಗುತ್ತಿದ್ದ ಹಾಗೆ. "ಚೌಡಾ, ಲಾರೆನ್ಸ್ ಬಂದಿದ್ದೇನೆ. ಪಾಳಿ ಬದಲಿ. ದಿಕ್ಕು ಹೇಳು."

ನಾನು ತಿರುಗಿ ನೋಡಲಿಲ್ಲವಂತೆ. ಚುಕ್ಕಾಣಿಯಲ್ಲಿ ಇರುವವನು ತಿರುಗಿ ನೋಡುವುದಿಲ್ಲ. ಮುಂದಕ್ಕೇ ನೋಡುತ್ತ ಹೇಳಿದೆನಂತೆ, ಅಷ್ಟು ಹೊತ್ತು ಗೊಣಗುತ್ತಿದ್ದವನು ಈ ಸಲ ಸ್ಪಷ್ಟವಾಗಿ, "ಒನ್ ಫೈವ್ ಜೀರೋ."

"ಒನ್ ಫೈವ್ ಜೀರೋ" ಅಂದ ಲಾರೆನ್ಸ್. "ಚಕ್ರ ನನ್ನ ಕೈಲಿದೆ. ಕೆಳಗೆ ಹೋಗಿ ಮಲಗು."

ನನ್ನ ಬೆರಳು ಬಿಟ್ಟಿತು.

ಯಾರೂ ಬಿಡಿಸಲಿಲ್ಲ, ತಾನಾಗಿ ಬಿಟ್ಟಿತು. ಅಷ್ಟೊಂದು ಗದ್ದಲದಲ್ಲಿ ನನ್ನ ಸ್ವಂತ ನೆನಪು ಎಂದರೆ ಒಂದೇ, ಅಂಗೈ ತಣ್ಣಗಾದದ್ದು. ಎಷ್ಟೋ ಕಾಲ ಬಿಸಿ ಕಬ್ಬಿಣ ಹಿಡಿದಿದ್ದ ಅಂಗೈಗೆ ಗಾಳಿ ತಾಗಿದ ಹಾಗೆ. ಅದರ ಸುಖವನ್ನು ಹೇಳಲು ನನಗೆ ಬರುವುದಿಲ್ಲ. ಯುದ್ಧ ಮುಗಿದು ಬಂದರಿಗೆ ಬಂದಾಗ ಜನ ಹಾರ ಹಾಕಿದರು, ಬೆನ್ನು ತಟ್ಟಿದರು, ಹೆಗಲ ಮೇಲೆ ಹೊತ್ತರು. ಯಾರೂ ಅವತ್ತು ನನ್ನ ಬಾಯಿಂದ ದಿಕ್ಕು ಕೇಳಿ ತಿರುಗಿ ಹೇಳಿರಲಿಲ್ಲ. ಬೋಟು ಕಟ್ಟಿದ ಮೇಲೆ ದಿಕ್ಕು ಕೇಳುವವರು ಯಾರು. ನಾನೂ ಅದನ್ನು ಮರೆತೇಬಿಟ್ಟಿದ್ದೆ. ಕೈ ಮರೆತಿರಲಿಲ್ಲ.

ಮಲಗಿಸಿದರು, ಡ್ರಿಪ್ ಹಾಕಿದರು, ಕೀಳಲಿಲ್ಲ. ಕೊಳವೆ ಬೇಕಾಗಲಿಲ್ಲ. ಲಾರೆನ್ಸ್ ಮಾತ್ರ ಫೋನ್ ಇಡಲು ಒಪ್ಪಲಿಲ್ಲವಂತೆ, ಪಾಳಿಯ ಮಧ್ಯದಲ್ಲಿ ಹೇಗೆ ಬಿಟ್ಟು ಹೋಗಲಿ ಎಂದು. ಕೊನೆಗೆ ಡಾಕ್ಟರಮ್ಮನೇ ಬಂದು, "ಒನ್ ಫೈವ್ ಜೀರೋ ಅಜ್ಜ, ನಾನು ನೋಡ್ಕೊಳ್ತೇನೆ" ಅಂದ ಮೇಲೆ ಇಟ್ಟನಂತೆ. ಆಮೇಲೆ ನಾನು ಇದನ್ನೆಲ್ಲ ಕೇಳಿ ಲಾರೆನ್ಸನನ್ನು ಹೊಗಳುತ್ತಿದ್ದಾಗ ಅವರು ನಗುತ್ತ, "ಸ್ವಲ್ಪ ಮಾರ್ಕ್ಸು ನಮ್ಮ ಔಷಧಿಗೂ ಕೊಡಿ ಅಜ್ಜ" ಅಂದರು. ಕೊಟ್ಟಿದ್ದೇನೆ. ಔಷಧಿ ಒಳಗೆ ಹೋಗಲು ಕೈ ಖಾಲಿ ಇರಬೇಕಿತ್ತು, ಅದನ್ನು ಲಾರೆನ್ಸ್ ಖಾಲಿ ಮಾಡಿಸಿದ. ಇಬ್ಬರಿಗೂ ಅಷ್ಟಷ್ಟು.

ಶೋಭಾ ಇದನ್ನು ಓದಿ ಹೇಳುವ ಮನೆಗಳಲ್ಲಿ ಯಾರಾದರೂ ಜ್ವರದಲ್ಲಿ ಏನೇನೋ ಮಾತಾಡುತ್ತಿರಬಹುದು. ಅಲ್ಲಿ ಏನೂ ಇಲ್ಲ, ಸುಮ್ಮನಿರಿ ಎಂದು ಹೇಳಬೇಡಿ. ಅವರಿಗೆ ಇದೆ. ನಿಮ್ಮಮ್ಮ ಸೊಪ್ಪು ತರುತ್ತಿರಬಹುದು, ನಿಮ್ಮಪ್ಪ ಲಾರಿಗೆ ಲೋಡು ಹಾಕುತ್ತಿರಬಹುದು. ಮೊದಲು ಬೇಗ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಆಮೇಲೆ ಅವರು ಏನು ಕೆಲಸದಲ್ಲಿದ್ದಾರೆ ಎಂದು ಕಿವಿಗೊಟ್ಟು ಕೇಳಿ.

ನನಗೆ ನೆಟ್ಟಗೆ ಎಚ್ಚರವಾದದ್ದು ಐಸಿಯುವಿನಿಂದ ವಾರ್ಡಿಗೆ ತಂದ ಮೇಲೆ, ಒಂದು ಹಗಲು. ಕಿಟಕಿಯಲ್ಲಿ ತೆಂಗಿನಮರ, ಬಿಸಿಲು, ಎಲ್ಲೋ ಯಾರೋ ಮೀನು ಹುರಿಯುವ ವಾಸನೆ. ಬದುಕಿದೆ ಎಂದು ಮೂಗಿಗೆ ಮೊದಲು ಗೊತ್ತಾಯಿತು. ಯಾರಿಗಾದರೂ ಹೇಳಬೇಕಲ್ಲ ಎಂದು ತಲೆ ಹೊರಳಿಸಿದೆ.

ಸರೋಜ ಸ್ಟೂಲಿನ ಮೇಲೆ ಕೂತಿದ್ದಳು. ಕೂತಲ್ಲೇ ತೂಕಡಿಸುತ್ತಿದ್ದಳು, ಮಲಗಿರಲಿಲ್ಲ. ಕೂದಲು ಕೆದರಿತ್ತು, ಕಣ್ಣು ನನಗಿಂತ ಕೆಂಪಾಗಿತ್ತು. ಒಂದು ಕೈ ಮಂಚದ ಕಂಬಿಯ ಮೇಲೆ ಬಿಗಿಯಾಗಿ ಇತ್ತು.

"ಸರೋಜ" ಅಂದೆ. ದನಿ ಗಾಳಿಯ ಹಾಗೆ ಬಂತು.

ಬೆಚ್ಚಿ ನೋಡಿದಳು. "ಇವತ್ತು ಯಾವ ವಾರ, ಹೇಳಿ."

"ನಂಗೆ ಹೆಂಗೆ ಗೊತ್ತಾಗ್ತದೆ, ಮಲಗಿದ್ದೆ. ನಿನಗೆ ಗೊತ್ತಿದ್ಯಾ?"

ಅವಳು ಬೆರಳು ಮಡಿಸಿ ಲೆಕ್ಕ ಹಾಕಿದಳು. ಅವಳಿಗೂ ಗೊತ್ತಿರಲಿಲ್ಲ. ನಗು ಬಂತೇನೋ, ತುಟಿ ಅಲುಗಿತು, ಕಣ್ಣಲ್ಲಿ ನೀರು ಬಂತು.

"ನೀನು ಮಲಗಿ ಎಷ್ಟು ದಿನ ಆತು?" ಅಂದೆ. "ಶೋಭಾ ಇದ್ದಾಳಲ್ಲ."

"ಇದ್ದಾಳೆ. ಹೋಗಿ ಮಲ್ಕ ಅಮ್ಮ ಅಂತಾಳೆ, ನೀವು ಒಂಚೂರು ಮಿಸುಕಿದ್ರೂ ನನ್ನ ಕೈ ಕಂಬಿಗೆ ಹೋಗ್ತದೆ." ಅವಳು ಮೂಗು ಒರೆಸಿಕೊಂಡಳು. "ನಿಮ್ಮ ಲಾರೆನ್ಸ್ ಬಂದು ನಿಮ್ಮನ್ನ ಕೆಳಗೆ ಕಳಿಸಿದ್ರು. ನಂಗೆ ಯಾರು ಬಂದ್ರು?"

ನನಗೆ ತಲೆ ಎತ್ತಲೂ ಶಕ್ತಿ ಇರಲಿಲ್ಲ. ಆದರೂ ಹೇಳಿದೆ, "ಈಗ ಏನೇನು ಆಗಿದೆ, ನಂಗೆ ಹೇಳು."

"ಎಂತ ಹೇಳದು?"

"ಎಲ್ಲ ಹೇಳು."

ಅವಳು ಅನುಮಾನದಿಂದಲೇ ಹೇಳಿದಳು. "ಜ್ವರ ಇಲ್ಲ. ಮೂಗಲ್ಲಿ ರಕ್ತ ನಿಂತಿದೆ. ಗಂಜಿ ಕುಡ್ದಿಲ್ಲ. ಊಟದ ಮೇಲೆ ಒಂದು ಬಿಳಿ ಮಾತ್ರೆ ಇದೆ."

"ಜ್ವರ ಇಲ್ಲ" ಅಂದೆ. ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳಬೇಕಿತ್ತು. "ರಕ್ತ ನಿಂತಿದೆ. ಗಂಜಿ ಕುಡ್ದಿಲ್ಲ. ಊಟದ ಮೇಲೆ ಬಿಳಿ ಮಾತ್ರೆ. ಇನ್ನು ನಾನಿದೀನಿ, ನಾನೇ ನೋಡ್ಕಂತೀನಿ. ನೀನು ಮಲ್ಕ."

"ಏಳಕ್ಕೂ ಆಗದವ್ರು ಎಂತ ನೋಡ್ಕಂತೀರಿ" ಅಂದಳು. ಅನ್ನುತ್ತಲೇ ತಲೆಯನ್ನು ನನ್ನ ಮಂಚದ ಅಂಚಿಗೆ ಇಟ್ಟಳು. ಕಂಬಿಯ ಮೇಲಿನ ಕೈ ಜಾರಿ ಹಾಸಿಗೆಯ ಮೇಲೆ ಬಿತ್ತು. ಎರಡು ಉಸಿರು ಕಳೆಯುವುದರೊಳಗೆ ಗೊರಕೆ.

ನಾನು ಕಣ್ಣು ಮುಚ್ಚಲಿಲ್ಲ. ನಿದ್ದೆ ಎಳೆಯುತ್ತಿತ್ತು, ಆದರೂ ಮುಚ್ಚಲಿಲ್ಲ. ಸ್ವಲ್ಪ ಹೊತ್ತಿಗೆ ನರ್ಸ್ ಬಂದು, ದಾರಿಗೆ ಅಡ್ಡ ಇದ್ದ ಸರೋಜಳನ್ನು ಎಬ್ಬಿಸಲು ಕೈ ಚಾಚಿದಳು. ನಾನು ಬೇಡ ಎಂದು ತಲೆ ಆಡಿಸಿದೆ. ಅವಳು ಸುತ್ತಿಕೊಂಡು ಇನ್ನೊಂದು ಪಕ್ಕಕ್ಕೆ ಬಂದಳು, ನಾನು ಸದ್ದಿಲ್ಲದೆ ಆ ಕಡೆಯ ಕೈ ಕೊಟ್ಟೆ.